ಮ್ಮ್... ಎನ್ನುವ ಮೂರು ಸೆಕೆಂಡು

ಊರೂರು ಸುತ್ತಿ ಉಣ್ಣುವವರ ಟೀವಿ ಕಾರ್ಯಕ್ರಮಗಳನ್ನು ನಾನು ಒಮ್ಮೊಮ್ಮೆ ಧ್ವನಿ ಅಡಗಿಸಿ ನೋಡುತ್ತೇನೆ. ಮನೆಯವರಿಗೆ ಇದು ಹುಚ್ಚಾಟ. ಆದರೆ ಮಾತು ನಿಂತಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಿರೂಪಕ ತುತ್ತನ್ನು ಬಾಯಿಗಿಡುತ್ತಾನೆ. ಮೊದಲ ಸೆಕೆಂಡು ದವಡೆ ಆಡುತ್ತದೆ, ಅಷ್ಟೇ. ಎರಡನೆಯದರಲ್ಲಿ ಅಗಿಯುವುದು ನಿಧಾನವಾಗಿ, ಕಣ್ಣು ಕ್ಯಾಮೆರಾ ಬಿಟ್ಟು ಎಲ್ಲೋ ನೆಡುತ್ತದೆ, ಇಲ್ಲವೇ ಅರ್ಧ ಮುಚ್ಚುತ್ತದೆ. ಮೂರನೆಯದರಲ್ಲಿ ಹುಬ್ಬೇರಿ, ತಲೆ ಮೆಲ್ಲಗೆ ತೂಗುತ್ತದೆ. ಮಾತು ಶುರುವಾಗುವುದು ಆಮೇಲೆ. ಅಷ್ಟು ಹೊತ್ತಿಗೆ ನಮಗೆ ಸಲ್ಲಬೇಕಾದ್ದು ಸಂದಿರುತ್ತದೆ. ಮಾತು ಬರೀ ರಶೀದಿ.

ಇಂಥ ನಿರೂಪಕರನ್ನು ಜನ ಇಷ್ಟೊಂದು ಹಚ್ಚಿಕೊಳ್ಳುವುದೇಕೆ ಎಂದು ಕೇಳಿನೋಡಿ. ಎರಡು ಉತ್ತರ ಸಿದ್ಧವಾಗಿರುತ್ತವೆ: ‘ಡೋಪಮೈನ್’ (ಮಿದುಳಿನಲ್ಲಿ ಆಸೆ ಕೆರಳಿಸುವ ರಾಸಾಯನಿಕ), ‘ಮಿರರ್ ನ್ಯೂರಾನ್’. ಜ್ವರ ಬಂದರೂ ಗಾಳಿ ಸೋಕಿದೆ, ಹಸು ಹಾಲು ಕೊಡದಿದ್ದರೂ ಗಾಳಿ ಸೋಕಿದೆ ಎನ್ನುತ್ತಿದ್ದ ಕಾಲಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇಟಲಿಯ ಪಾರ್ಮಾದಲ್ಲಿ 1990ರ ದಶಕದ ಆರಂಭದಲ್ಲಿ ಜಿಯಾಕೊಮೊ ರಿಝೊಲಾಟಿ ಮತ್ತು ಸಂಗಡಿಗರು ಕಂಡದ್ದು ಇಷ್ಟು: ಮಕಾಕ್ ಕೋತಿ ತಾನೇ ಒಂದು ವಸ್ತುವನ್ನು ಹಿಡಿದಾಗ ಮಿಡಿಯುವ ಕೆಲವು ನರಕೋಶಗಳು, ಬೇರೆಯವರು ಹಿಡಿಯುವುದನ್ನು ನೋಡಿದಾಗಲೂ ಮಿಡಿದವು. ಮಿರರ್ ನ್ಯೂರಾನ್ ಎಂದರೆ ಇವೇ. ಅದು ಕೈಯ ಕೆಲಸದ ಮಾತು. ಅಲ್ಲಿಂದ ಒಂದೇ ನೆಗೆತಕ್ಕೆ ‘ಅವನು ತಿಂದರೆ ನಾವೇ ತಿಂದ ಹಾಗೆ’ ಎಂಬಲ್ಲಿ ಇಳಿಯುವುದು ಹೇಗೆ? ನಾವೇ ತಿಂದ ಹಾಗಾಗುವುದಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತಡಕುವುದಾದರೂ ಯಾಕೆ?

ನಾನು ಇನ್ನೊಂದು ತುದಿಯಿಂದ ಹೊರಡುತ್ತೇನೆ. ಟೀವಿಗೆ ಕಣ್ಣಿದೆ, ಕಿವಿಯಿದೆ. ಮೂಗು, ನಾಲಿಗೆ ಇಲ್ಲ. ಇದ್ದಿದ್ದರೆ ನಿರೂಪಕನೇ ಬೇಕಿರಲಿಲ್ಲ, ತಟ್ಟೆ ತೋರಿಸಿದ್ದರೆ ಸಾಕಿತ್ತು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬಿಬಿಸಿಯಲ್ಲಿ ಫಿಲಿಪ್ ಹಾರ್ಬೆನ್ ಅಡುಗೆ ತೋರಿಸತೊಡಗಿದರು. ಬ್ರಿಟನ್ನಿನಲ್ಲಿ ಆಗ ಬಹಳಷ್ಟು ಆಹಾರಕ್ಕೆ ಪಡಿತರ. ಅದು ಪೂರ್ತಿ ತೊಲಗಿದ್ದು 1954ರಲ್ಲಿ. ಪರದೆ ಕಪ್ಪುಬಿಳುಪು, ವಾಸನೆ ಇಲ್ಲ, ತಂದು ಮಾಡೋಣ ಎಂದರೆ ಸಾಮಾನೂ ಸಿಗದು. ಆದರೂ ಜನ ನೋಡಿದರು. ತಟ್ಟೆಯಲ್ಲಿ ಇಲ್ಲದ್ದು ಆ ಮನುಷ್ಯನಲ್ಲಿ ಏನೋ ಇತ್ತು.

ವಾಸನೆ ಪರದೆಯಿಂದ ಬರುವುದಿಲ್ಲವೆಂದು ನಮ್ಮ ಬುದ್ಧಿಗೆ ಗೊತ್ತು, ಮೂಗಿಗೆ ಅಷ್ಟು ಖಾತ್ರಿ ಇಲ್ಲ. 1899ರಲ್ಲಿ ಎಡ್ವಿನ್ ಸ್ಲಾಸನ್ ಎಂಬ ಪ್ರಾಧ್ಯಾಪಕರು ಅಮೆರಿಕದ ವಯೋಮಿಂಗಿನಲ್ಲಿ ತಾವು ನಡೆಸಿದ ಒಂದು ಕಿತಾಪತಿಯನ್ನು ವರದಿ ಮಾಡಿದರು. ಉಪನ್ಯಾಸ ಕೇಳಲು ಕೂತವರ ಮುಂದೆ ಹತ್ತಿಯ ಮೇಲೆ ಸೀಸೆಯಿಂದ ಏನನ್ನೋ ಸುರಿದು, ಮುಖ ಆಚೆ ತಿರುಗಿಸಿ, ವಾಸನೆ ತಾಗಿದವರು ಕೈ ಎತ್ತಿ ಎಂದರು. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಅಲೆಯಂತೆ ಕೈಗಳು ಎದ್ದವು. ಮುಂದೆ ಕೂತ ಕೆಲವರು ತಡೆಯಲಾರದೆ ಎದ್ದು ಹೋಗುವುದರಲ್ಲಿದ್ದರು. ಸೀಸೆಯಲ್ಲಿದ್ದದ್ದು ಬಟ್ಟಿ ಇಳಿಸಿದ ನೀರು. 1965ರ ಏಪ್ರಿಲ್ 1ರಂದು ಬಿಬಿಸಿ ಇದೇ ಆಟವನ್ನು ದೊಡ್ಡದಾಗಿ ಆಡಿತು. ಟೀವಿಯಲ್ಲಿ ವಾಸನೆ ಕಳಿಸುವ ಯಂತ್ರ ಸಿದ್ಧವಾಗಿದೆ ಎಂದು ‘ಪ್ರೊಫೆಸರ್’ ಒಬ್ಬರು ಈರುಳ್ಳಿ ಹೆಚ್ಚಿದರು, ಕಾಫಿ ಮಾಡಿದರು. ವಾಸನೆ ಬಂತು ಎಂದು ವೀಕ್ಷಕರಿಂದ ಫೋನು ಬಂದವು. ಈರುಳ್ಳಿಗೆ ಕಣ್ಣಲ್ಲಿ ನೀರು ಬಂತು ಎಂದವರೂ ಇದ್ದರು! ಇವರನ್ನು ದಡ್ಡರೆಂದು ನಗುವುದು ಸುಲಭ. ಎದುರಿಗಿರುವವರ ಮುಖವನ್ನು ನೋಡಿಯೇ ಮೂಗು ಅರ್ಧ ಕೆಲಸ ಮುಗಿಸುತ್ತದೆ ಎಂಬುದು ನನಗೆ ಇದರಲ್ಲಿ ಕಾಣುವ ಸ್ವಾರಸ್ಯ.

ಈಗ ನನ್ನ ಮೆಚ್ಚಿನ ವಿಷಯ, ಆ ‘ಮ್ಮ್’. ರುಚಿ ಎಂದು ನಾವು ಕರೆಯುವುದರಲ್ಲಿ ನಾಲಿಗೆಯ ಪಾಲು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನಲ್ಲಿರುವಂಥ ರುಚಿ) ಇಷ್ಟಕ್ಕೇ ಮುಗಿಯುತ್ತದೆ. (ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಹಂಚಿಕೊಟ್ಟ ಶಾಲೆಯ ಪಟವನ್ನು ದಯವಿಟ್ಟು ಮರೆತುಬಿಡಿ, ಅದು ತಪ್ಪು.) ಮಿಕ್ಕ ವೈಭವವೆಲ್ಲ ವಾಸನೆಯದು. ಅದು ಹೊರಗಿನಿಂದ ಮೂಸಿದ ವಾಸನೆಯಲ್ಲ. ಬಾಯಲ್ಲಿ ಅಗಿದಾಗ ಎದ್ದು, ಗಂಟಲ ಹಿಂದಿನಿಂದ ಏರಿ, ಹೊರಹೋಗುವ ಉಸಿರಿನ ಜೊತೆ ಮೂಗಿನ ಒಳಮಾಳಿಗೆಯನ್ನು ತಲುಪುವ ವಾಸನೆ. ಮನೆಗೆ ಮುಂಬಾಗಿಲಿದ್ದರೂ ಹಿತ್ತಿಲ ಬಾಗಿಲಿಂದಲೇ ಬರುವ ನೆಂಟ ಅದು. ಮೂಗಿನ ಈ ಎರಡು ಬಾಗಿಲುಗಳನ್ನು ಮಿದುಳು ಬೇರೆ ಬೇರೆಯಾಗಿ ನೋಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲಿ ವಾದಿಸಿದರು. ಮೂಸಿದರೆ ಮುಖ ಸಿಂಡರಿಸುವಂಥ ತಿನಿಸು ಬಾಯಿಗಿಟ್ಟ ಮೇಲೆ ಹಿತವಾಗುವುದುಂಟಲ್ಲ, ಅದಕ್ಕೆ ಇದು ಕಾರಣವಿರಬಹುದು.

ಹಿತ್ತಿಲ ಬಾಗಿಲಿಗೂ ‘ಮ್ಮ್’ಗೂ ಏನು ನಂಟು? ವ್ಯಾಕರಣದ ಪಾಠ ನೆನಪಿಸಿಕೊಳ್ಳಿ. ಮಕಾರ ಓಷ್ಠ್ಯ ಮತ್ತು ಅನುನಾಸಿಕ: ತುಟಿ ಮುಚ್ಚಿರಬೇಕು, ಉಸಿರು ಮೂಗಿನಿಂದ ಹೋಗಬೇಕು. ಬಾಯಿ ತುಂಬ ತುತ್ತಿರುವಾಗ ಮರ್ಯಾದೆಯಿಂದ ಹೊರಡಿಸಬಹುದಾದ ಸದ್ದು ಅದೊಂದೇ. ಅಷ್ಟೇ ಅಲ್ಲ, ಆ ಸದ್ದು ಹೊರಡುವಾಗ ಬಾಯೊಳಗಿನ ಪರಿಮಳ ನೇರವಾಗಿ ಮೂಗಿನ ಮಾಳಿಗೆಯತ್ತ ತಳ್ಳಿಸಿಕೊಳ್ಳುತ್ತದೆ. ಮೂಗು ಹಿಡಿದು ‘ಮ್ಮ್’ ಎನ್ನಲು ನೋಡಿ, ಸದ್ದು ಅಲ್ಲೇ ಸಾಯುತ್ತದೆ. ಆದ್ದರಿಂದ ‘ಮ್ಮ್’ ರುಚಿಯ ಬಗೆಗಿನ ಅಭಿಪ್ರಾಯವಲ್ಲ, ರುಚಿ ನೋಡುವ ಕೆಲಸದ್ದೇ ಸದ್ದು ಎಂಬುದು ನನ್ನ ಊಹೆ. ಕುಲುಮೆಯ ತಿದಿ ಉಸಿರಾಡಿದ ಹಾಗೆ. ಕೊಳಲಿನ ನಾದ ಗಾಳಿಯ ಬಗೆಗಿನ ಭಾಷಣವಲ್ಲ, ಗಾಳಿ ಹರಿದದ್ದರ ಗುರುತು, ಇದೂ ಹಾಗೆ. ‘ಅದ್ಭುತ’, ‘ಸ್ವರ್ಗ’ ಎಂಬ ಮಾತುಗಳಿಗೆ ಜಗ್ಗದ ನಾವು ಒಂದು ತಗ್ಗಿದ ‘ಮ್ಮ್’ಗೆ ಕಿವಿ ನಿಮಿರಿಸುವುದು ಅದಕ್ಕೇ ಇರಬೇಕು.

ಬೇರೆಯವರ ಬಾಯನ್ನು ನೋಡಿ ಕಲಿಯುವ ಈ ವಿದ್ಯೆ ನಮ್ಮದೊಬ್ಬರದೇ ಅಲ್ಲ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ನುಂಗಿದ್ದು ನುಂಗಿದ ಹಾಗೆಯೇ. ಹಾಗಾಗಿ ಹೊಸ ತಿನಿಸೆಂದರೆ ಅದಕ್ಕೆ ದಿಗಿಲು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಬೆನೆಟ್ ಗೇಲೆಫ್ 1980ರ ದಶಕದಲ್ಲಿ ಒಂದು ಇಲಿಗೆ ಕೋಕೋ ಬೆರೆಸಿದ, ಇನ್ನೊಂದಕ್ಕೆ ದಾಲ್ಚಿನ್ನಿ ಬೆರೆಸಿದ ಆಹಾರ ತಿನ್ನಿಸಿ, ಹಸಿದ ಸಂಗಾತಿಗಳ ಬಳಿ ಬಿಟ್ಟರು. ಸಂಗಾತಿಗಳು ಉಂಡು ಬಂದವರ ಬಾಯಿ ಮೂಸಿದವು. ಆಮೇಲೆ ಎರಡೂ ಆಹಾರ ಇಟ್ಟಾಗ, ಮೂಸಿದ ಬಾಯಲ್ಲಿ ಏನಿತ್ತೋ ಅದನ್ನೇ ಹೆಚ್ಚು ತಿಂದವು. ಆಹಾರದ ವಾಸನೆಯ ಜೊತೆಗೆ ಇಲಿಯ ಉಸಿರಿನಲ್ಲಿರುವ ಕಾರ್ಬನ್ ಡೈಸಲ್ಫೈಡ್ ಸೇರಿರಬೇಕು, ಗುಟ್ಟು ಅಲ್ಲಿದೆ. ಹತ್ತಿಯ ಗೊಂಬೆಗೆ ಆಹಾರ ಸವರಿ ಆ ರಾಸಾಯನಿಕ ಹಚ್ಚಿದರೂ ಪಾಠ ನಡೆಯುತ್ತದೆ! ‘ಒಂದು ಜೀವಂತ ಇಲಿ ಇದನ್ನು ತಿಂದಿದೆ’ ಎಂಬ ಮೊಹರು ಬಿದ್ದರೆ ಸಾಕು.

ಇಲ್ಲೊಂದು ತಮಾಷೆಯಿದೆ. ಉಂಡು ಬಂದ ಇಲಿ ಕಾಯಿಲೆ ಬಿದ್ದಿದ್ದರೂ ಸಂಗಾತಿಗಳು ಅದು ತಿಂದದ್ದನ್ನೇ ಮೆಚ್ಚುತ್ತವೆ. ‘ಅವನು ತಿಂದ’ ಎಂಬುದು ಇಲಿಗೆ ಗೊತ್ತಾಗುತ್ತದೆ, ‘ತಿಂದು ಒದ್ದಾಡಿದ’ ಎಂಬುದು ಲೆಕ್ಕಕ್ಕಿಲ್ಲ. ನಾವು ಹಾಗಲ್ಲ, ಮುಖ ಓದುತ್ತೇವೆ. 2003ರ ಒಂದು ಮಿದುಳು ಚಿತ್ರಣದ ಅಧ್ಯಯನದಲ್ಲಿ, ಹೇಸಿಗೆಯ ವಾಸನೆಯನ್ನು ತಾವೇ ಮೂಸಿದಾಗಲೂ, ಲೋಟ ಮೂಸಿ ಮುಖ ಕಿವುಚಿದವನ ವಿಡಿಯೊ ನೋಡಿದಾಗಲೂ ಮಿದುಳಿನ ಇನ್ಸುಲಾ ಎಂಬ ಮಡಿಕೆಯ ಒಂದೇ ಜಾಗ ಎಚ್ಚೆತ್ತಿತ್ತು. ಮಿರರ್ ನ್ಯೂರಾನಿನ ಭಜನೆಗಿಂತ ಈ ಸಣ್ಣ, ಗಟ್ಟಿ ಸಂಗತಿ ನನಗೆ ಹೆಚ್ಚು ಪ್ರಿಯ.

ರೋಮ್ ಚಕ್ರವರ್ತಿ ಕ್ಲಾಡಿಯಸ್‌ಗೆ ಹಲೋಟಸ್ ಎಂಬ ರುಚಿಗಾರನಿದ್ದ, ದೊರೆಗಿಂತ ಮುಂಚೆ ತಿಂದು ನೋಡುವುದು ಅವನ ಉದ್ಯೋಗ. ಕ್ರಿ.ಶ. 54ರಲ್ಲಿ ದೊರೆ ಸತ್ತ, ಅಣಬೆಯಲ್ಲಿ ವಿಷವಿತ್ತೆಂದು ಸುದ್ದಿ. ರುಚಿಗಾರ ಬದುಕಿದ. ಮುಂದೆ ಗಾಲ್ಬಾ ಪಟ್ಟಕ್ಕೆ ಬಂದಾಗ ಅವನಿಗೆ ಒಳ್ಳೆಯ ಹುದ್ದೆಯೂ ಸಿಕ್ಕಿತು. ಮುಖಕ್ಕೂ ಹೊಟ್ಟೆಗೂ ಸಂಬಂಧ ತಪ್ಪಿದ ರುಚಿಗಾರನಿಂದ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಟೀವಿಯಲ್ಲೂ ಅಷ್ಟೆ. ಯಾವಾಗಲೂ ಒಂದೇ ಬಗೆಯಾಗಿರುವ ಸಂಕೇತದಲ್ಲಿ ಮಾಹಿತಿ ಸೊನ್ನೆ, 1948ರಲ್ಲಿ ಗಣಿತಜ್ಞ ಕ್ಲಾಡ್ ಶ್ಯಾನನ್ ಮಾಹಿತಿಯನ್ನು ಅಳೆಯಲು ಕಟ್ಟಿದ ಲೆಕ್ಕದಿಂದ ಹೊರಡುವ ಮಾತು ಇದು. ತಿಂದದ್ದಕ್ಕೆಲ್ಲ ಕಣ್ಣರಳಿಸುವ ನಿರೂಪಕ, ದಿನವಿಡೀ ಬಡಿದುಕೊಳ್ಳುವ ಗಂಟೆ. ಊರೂರು ಸುತ್ತಿ ಉಂಡು ತೋರಿಸುತ್ತಿದ್ದ ಅಮೆರಿಕದ ಟೀವಿ ನಿರೂಪಕ ಆಂತನಿ ಬೋರ್ಡೇನ್ ಐಸ್‌ಲ್ಯಾಂಡಿನಲ್ಲಿ ಹುದುಗಿಸಿದ ಶಾರ್ಕ್ ಮಾಂಸ ತಿಂದು, ತಾವು ತಿಂದದ್ದರಲ್ಲೆಲ್ಲ ಹೊಲಸು ಇದೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಒಂದು ‘ಥೂ’ ಅವರ ನೂರು ‘ಮ್ಮ್’ಗಳಿಗೆ ಬೆಲೆ ತಂದಿತು.

ಸರಿ, ಬಾಯಿ ಸಾಕಲ್ಲ, ಕಾಲು ಯಾಕೆ? ನಿರೂಪಕ ಊರೂರು ತಿರುಗುವುದೇಕೆ? ಸುಂದರ ದೃಶ್ಯಕ್ಕೆ ಎಂದು ಬಿಡಬಹುದು, ಅದೂ ಇದೆ. ಆದರೆ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದ್ದನ್ನು ನೋಡಿ: ಒಂದೇ ಹೂರಣದ ಸ್ಯಾಂಡ್‌ವಿಚ್‌ಗಳನ್ನು ಕೊಟ್ಟಾಗಿನದಕ್ಕಿಂತ, ನಾಲ್ಕು ಬಗೆಯ ಹೂರಣದ್ದನ್ನು ಕೊಟ್ಟಾಗ ಜನ ಸುಮಾರು ಮೂರನೇ ಒಂದು ಪಾಲು ಹೆಚ್ಚು ತಿಂದರು. ಹೊಟ್ಟೆ ತುಂಬುವ ಮೊದಲೇ ಆ ರುಚಿಗೆ ಮನಸ್ಸು ತುಂಬುತ್ತದೆ, ಬೇರೆ ರುಚಿಗೆ ಜಾಗ ಹಾಗೇ ಉಳಿಯುತ್ತದೆ. ಕಲ್ಪನೆಯ ಊಟಕ್ಕೂ ಇದೇ ಕಟ್ಟಳೆ. 2010ರಲ್ಲಿ ಕ್ಯಾರಿ ಮೋರ್‌ವೆಜ್ ತಂಡ ಕೆಲವರಿಗೆ ಮೂರು ಚಾಕಲೇಟ್ ಗುಳಿಗೆ, ಕೆಲವರಿಗೆ ಮೂವತ್ತನ್ನು ಒಂದೊಂದಾಗಿ ತಿಂದಂತೆ ಊಹಿಸಿಕೊಳ್ಳಲು ಹೇಳಿತು. ಮೂವತ್ತು ಊಹಿಸಿದವರು ಆಮೇಲೆ ನಿಜವಾದ ಚಾಕಲೇಟನ್ನು ಕಡಿಮೆ ತಿಂದರು. ಎಂದರೆ ನಿರೂಪಕ ಒಂದೇ ತಟ್ಟೆಯ ಮುಂದೆ ಕೂತು ಮೂವತ್ತು ತುತ್ತು ತಿಂದರೆ ನಮ್ಮ ಆಸೆ ಇಳಿಯುವ ಸಂಭವವಿದೆ. ಎರಡು ತುತ್ತಿಗೆ ಎದ್ದು ಇನ್ನೊಂದು ಬೀದಿಗೆ, ಇನ್ನೊಂದು ದೇಶಕ್ಕೆ ಹೊರಟರೆ? ಆಸೆಗೆ ದಣಿವಾಗಲು ಅವಕಾಶವೇ ಇಲ್ಲ. ಡಬ್ಬಿ ತಡಕುವ ಕೈಗೆ ಉತ್ತರ ಇಲ್ಲಿರಬಹುದು.

ನಾಲಿಗೆಯನ್ನು ಯಾರಿಗೆ ವಹಿಸುತ್ತೇವೆ ಎಂಬುದು ಇನ್ನೊಂದು ಪ್ರಶ್ನೆ. 1963ರಲ್ಲಿ, ಐವತ್ತರ ವಯಸ್ಸಿನಲ್ಲಿ, ಬಾಸ್ಟನ್ನಿನ ಟೀವಿಯಲ್ಲಿ ಅಡುಗೆ ಕಲಿಸಲು ಬಂದ ಜೂಲಿಯಾ ಚೈಲ್ಡ್ ಕೋಳಿಯನ್ನು ನೆಲಕ್ಕೆ ಬೀಳಿಸಿ ಎತ್ತಿ ಬಡಿಸಿದರೆಂದು ಇವತ್ತಿಗೂ ಆಣೆಯಿಟ್ಟು ಹೇಳುವವರಿದ್ದಾರೆ. ಅದು ನಡೆದಿಲ್ಲ. ಮಗುಚಲು ಹೋದ ಆಲೂಗಡ್ಡೆಯ ರೊಟ್ಟಿ ಒಲೆಯ ಮೇಲೆ ಚೆಲ್ಲಿತು. ಅವರು ಅದನ್ನು ಬಾಚಿ ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ನೀವೊಬ್ಬರೇ ಇರುವಾಗ ನೋಡುವವರು ಯಾರು ಎಂದರು. ಆಲೂಗಡ್ಡೆ ಜನರ ನೆನಪಿನಲ್ಲಿ ಕೋಳಿಯಾಯಿತು, ಒಲೆ ನೆಲವಾಯಿತು. ಎಡವಿದ್ದು ನಮಗೆ ಅಷ್ಟು ಬೇಕಾಗಿತ್ತು! 1966ರಲ್ಲಿ ಎಲಿಯಟ್ ಆರನ್ಸನ್ ತೋರಿಸಿದ್ದೂ ಇದನ್ನೇ: ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರಿಸುವ ಜಾಣ ಕಾಫಿ ಚೆಲ್ಲಿಕೊಂಡರೆ ಹೆಚ್ಚು ಇಷ್ಟವಾಗುತ್ತಾನೆ, ಸಾಧಾರಣದವನು ಚೆಲ್ಲಿಕೊಂಡರೆ ಇದ್ದ ಮೆಚ್ಚುಗೆಯೂ ಇಳಿಯುತ್ತದೆ.

ಪರದೆಯ ಮನುಷ್ಯನ ಜೊತೆ ನಮಗೆ ಬೆಳೆಯುವ ಈ ಒಂದು ಕಡೆಯ ಸ್ನೇಹಕ್ಕೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ‘ಪ್ಯಾರಾಸೋಷಿಯಲ್’ ಎಂದು ಹೆಸರಿಟ್ಟರು. ಬೋರ್ಡೇನ್ ಹುಟ್ಟಿದ್ದೂ ಅದೇ ವರ್ಷ. 2018ರ ಜೂನ್‌ನಲ್ಲಿ ಅವರು ತೀರಿಕೊಂಡಾಗ, ಅವರು ಹಿಂದೆ ಬಾಣಸಿಗರಾಗಿದ್ದ ನ್ಯೂಯಾರ್ಕಿನ ಹೋಟೆಲಿನ ಮುಚ್ಚಿದ ಬಾಗಿಲಿಗೆ, ಅವರನ್ನು ಎಂದೂ ಕಾಣದ ಜನ ಚೀಟಿ ಅಂಟಿಸಿ ಹೂವಿಟ್ಟು ಹೋದರು.

ಅದಕ್ಕೂ ಎರಡು ವರ್ಷ ಹಿಂದೆ, 2016ರ ಮೇ ತಿಂಗಳಲ್ಲಿ, ವಿಯೆಟ್ನಾಮಿನ ಹನೋಯ್‌ನ ಒಂದು ಸಾದಾ ಹೋಟೆಲಿನಲ್ಲಿ ಅವರು ಬರಾಕ್ ಒಬಾಮಾ ಜೊತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬುನ್ ಚಾ (ಸುಟ್ಟ ಹಂದಿಮಾಂಸ, ಅಕ್ಕಿ ಶ್ಯಾವಿಗೆಯ ಊಟ) ಉಂಡಿದ್ದರು. ಬಿಲ್ಲು ಆರು ಡಾಲರ್, ಕೊಟ್ಟದ್ದು ಬೋರ್ಡೇನ್. ಹೋಟೆಲಿನವರು ಆಮೇಲೆ ಆ ಮೇಜು, ಸ್ಟೂಲು, ಬಟ್ಟಲು, ಬಿಯರ್ ಬಾಟಲಿಗಳನ್ನೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರು. ನೋಡಲು ಬಂದವರು ಗಾಜಿನ ಮುಂದೆ ನಿಂತು ಫೋಟೊ ತೆಗೆದುಕೊಂಡು, ಪಕ್ಕದ ಮೇಜಿನಲ್ಲಿ ಕೂತು, ಅವರಿಬ್ಬರೂ ತಿಂದದ್ದನ್ನೇ ತರಿಸಿಕೊಳ್ಳುತ್ತಾರೆ.