ಕಚೇರಿಯ ಹಳೆಯ ಕಂಪ್ಯೂಟರ್ ಕೊಟ್ಟರೆ ಮಕ್ಕಳ ಕಲಿಕೆಗೆ ಉಪಯೋಗವಾಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿ ನಮ್ಮದೊಂದು ಸಣ್ಣ ಕಚೇರಿಯಿದೆ. ವಿಂಡೋಸ್ 11 ಹಾಕಲಾಗದ ಹದಿನೈದು ಕಂಪ್ಯೂಟರ್‌ಗಳು ಮೂಲೆ ಸೇರಿವೆ. ಇವನ್ನು ಬಡಮಕ್ಕಳಿಗೆ ಕಲಿಸುವ ಸೇವಾಸಂಸ್ಥೆಯೊಂದಕ್ಕೆ ಕೊಡಬೇಕೆಂದಿದ್ದೇವೆ. ಅದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಪ್ರಶ್ನೆಯನ್ನು ಹಲವರು ಕೇಳುತ್ತಿದ್ದಾರೆ. ಪ್ರಯೋಜನ ಖಂಡಿತ ಇದೆ, ಆದರೆ ಕಂಪ್ಯೂಟರ್ ಕೋಣೆಯ ಬೀಗ ತೆಗೆದು ಮಕ್ಕಳ ಪಕ್ಕದಲ್ಲಿ ಕೂರುವವರೊಬ್ಬರು ಅಲ್ಲಿದ್ದರೆ ಮಾತ್ರ.

ಕೆಲವು ವರ್ಷಗಳ ಹಿಂದೆ ನಾವು ಗೆಳೆಯರು ಸೇರಿ ನಗರದಂಚಿನ ಶಾಲೆಯೊಂದಕ್ಕೆ ಎಂಟು ಕಂಪ್ಯೂಟರ್ ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬಂದೆವು. ಮರುವರ್ಷ ಹೋಗಿ ನೋಡಿದರೆ ಎಂಟಕ್ಕೂ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹೊದಿಕೆ ಹಾಕಲಾಗಿತ್ತು. ಯುಪಿಎಸ್ ಬ್ಯಾಟರಿ ಕೆಟ್ಟು ಆರು ತಿಂಗಳಾಗಿದ್ದು, ಉಳಿದದ್ದೂ ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂಬ ಹೆದರಿಕೆಯಿಂದ ಯಾರೂ ಬೀಗ ತೆಗೆದಿರಲಿಲ್ಲ. ಶಾಲೆಯವರನ್ನು ದೂರುವಂತಿರಲಿಲ್ಲ, ಏಕೆಂದರೆ ಬ್ಯಾಟರಿಗೆ ದುಡ್ಡು ಎಲ್ಲಿಂದ ಬರಬೇಕೆಂದು ಕೊಡುವ ದಿನ ನಾವೇ ಯೋಚಿಸಿರಲಿಲ್ಲ.

ಗುಜರಾತಿನ ವಡೋದರಾದಲ್ಲಿಯೂ ಹೀಗೆಯೇ ಆಗಿತ್ತು. 2000ದಲ್ಲಿ ಅಲ್ಲಿನ ಪಾಲಿಕೆ ಪ್ರಾಥಮಿಕ ಶಾಲೆಗಳಿಗೆ ರಾಜ್ಯ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟರೂ ಅವು ಮಕ್ಕಳ ಬಳಕೆಗೆ ಬಂದದ್ದು ತೀರಾ ಕಡಿಮೆ. ಪ್ರಥಮ್ ಎಂಬ ಸೇವಾಸಂಸ್ಥೆ ಸ್ಥಳೀಯ ಯುವಜನರಿಗೆ ತರಬೇತಿ ಕೊಟ್ಟು, ನಾಲ್ಕನೇ ತರಗತಿಯ ಮಕ್ಕಳನ್ನು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ ಗಣಿತದ ಆಟ ಆಡಿಸಿದಾಗ ಅವರ ಗಣಿತ ಗಣನೀಯವಾಗಿ ಸುಧಾರಿಸಿತೆಂದು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕಾರ್ಯಕ್ರಮ ನಿಂತ ಒಂದು ವರ್ಷದೊಳಗೆ ಆ ಲಾಭದ ಬಹುಪಾಲು ಕರಗಿತೆಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಪೆರು ದೇಶದಲ್ಲಂತೂ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದರೂ ಗಣಿತ ಮತ್ತು ಭಾಷೆಯ ಅಂಕಗಳು ಏರಿದ ಲಕ್ಷಣ 2012ರ ಮೌಲ್ಯಮಾಪನದಲ್ಲಿ ಕಾಣಲಿಲ್ಲ.

ಬೆಂಗಳೂರಿನಲ್ಲಿ ದಾರಿ ಕಂಡುಕೊಂಡವರಿದ್ದಾರೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನ ಆರಂಭದ ವರ್ಷಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಗೆ ಬಹಳ ಶ್ರಮ ಹಾಕಿ, ಕ್ರಮೇಣ ಅದನ್ನು ಬಿಟ್ಟು ಶಿಕ್ಷಕರ ಬೆಳವಣಿಗೆಯತ್ತ ಹೊರಳಿತು. 2000ದಲ್ಲಿ ಆರಂಭವಾದ ಅಕ್ಷರ ಫೌಂಡೇಶನ್ ಸರ್ಕಾರಿ ಶಾಲೆಗಳ ಗಣಿತ ಕಲಿಕಾ ಆಂದೋಲನದಲ್ಲಿ ಮುಟ್ಟಿ ಎಣಿಸುವ ಸಾಮಗ್ರಿಗಳನ್ನು ಮುಂದಿಟ್ಟಿತು. ಅದರ ಮೊಬೈಲ್ ಆ್ಯಪ್ ಇರುವುದು ಅಭ್ಯಾಸಕ್ಕೆ ಪೂರಕವಾಗಿ. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ರೂಪುಗೊಂಡದ್ದು ಸ್ವತಂತ್ರ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಚಳವಳಿಯ ಗೆಳೆಯರಿಂದ. ಅವರು ಅಲ್ಲಿಗೆ ಒಯ್ದದ್ದು ನಿಮ್ಮಲ್ಲಿರುವಂಥ ಹಳೆಯ ಯಂತ್ರಗಳನ್ನೇ, ಜೊತೆಗೆ ತಮ್ಮ ಬಿಡುವಿನ ಸಮಯವನ್ನು.

ಪಕ್ಕದಲ್ಲಿ ಒಬ್ಬರು ಕೂತರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಶನಿವಾರ ಸಂಜೆ ಹೋಗುವ ಪುಟ್ಟ ಕೇಂದ್ರವೊಂದರಲ್ಲಿ ಆರನೇ ತರಗತಿಯ ಹುಡುಗಿ ‘ಅಮ್ಮ’ ಎಂದು ಟೈಪ್ ಮಾಡಲು ಹೋದರೆ ಪರದೆಯ ಮೇಲೆ ‘ಅಮಮ’ ಎಂದು ಮೂಡುತ್ತಿತ್ತು. ನುಡಿ ಕೀಲಿಮಣೆಯಲ್ಲಿ ಎರಡು ‘ಮ’ಗಳ ನಡುವೆ ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತದೆಂದು ದೊಡ್ಡ ಹುಡುಗಿಯೊಬ್ಬಳು ತೋರಿಸಿಕೊಟ್ಟದ್ದೇ ತಡ, ಅಕ್ಕ, ಅಜ್ಜ, ಅಪ್ಪ ಎಲ್ಲರೂ ಸಾಲಾಗಿ ಬಂದರು. ‘ಅಣ್ಣ’ ಮಾತ್ರ ಸ್ವಲ್ಪ ಸತಾಯಿಸಿದ, ಏಕೆಂದರೆ ‘ಣ’ಕ್ಕೆ ಶಿಫ್ಟ್ ಬೇಕು. ಇಂಗ್ಲಿಷ್ ಬಾರದೆ ಕಂಪ್ಯೂಟರ್ ಬಾರದೆಂದು ಅಲ್ಲಿಯತನಕ ನಂಬಿದ್ದ ಆ ಹುಡುಗಿ ಅಂದು ಎದ್ದು ಹೋಗಲು ಒಪ್ಪಲಿಲ್ಲ.

ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಎಷ್ಟು ಮಕ್ಕಳಿಗೆ ‘ತಲುಪಿದ್ದಾರೆ’ ಎಂದು ಕೇಳುವುದಕ್ಕಿಂತ, ವಾರದಲ್ಲಿ ಎಷ್ಟು ದಿನ ಬಾಗಿಲು ತೆರೆದಿರುತ್ತದೆ, ಕಲಿಸುವವರು ಯಾರು, ಪಾಠ ಕನ್ನಡದಲ್ಲಿದೆಯೇ, ರಿಪೇರಿಯ ಖರ್ಚು ಯಾರದು ಎಂದು ಕೇಳಿರಿ, ಮತ್ತು ಮುಂಚಿತವಾಗಿ ತಿಳಿಸದೆ ಒಂದು ಸಂಜೆ ಹೋಗಿ ನೋಡಿರಿ.

ಯಂತ್ರಗಳನ್ನು ಸುಮ್ಮನೆ ಸಾಗಿಸಬೇಡಿರಿ. ಮೊದಲು ಕಚೇರಿಯ ಮಾಹಿತಿಯನ್ನು ಪೂರ್ತಿಯಾಗಿ ಅಳಿಸಬೇಕು. ನಾಲ್ಕು ಜಿಬಿ ರ‍್ಯಾಮ್ ಇದ್ದು, ಹಳೆಯ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಹಗುರವಾದ ಲಿನಕ್ಸ್ ಸರಾಗವಾಗಿ ನಡೆಯುತ್ತದೆ. ಜಿಕಾಂಪ್ರಿಸ್‌ನಂಥ ಮಕ್ಕಳ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಇಂಟರ್ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯ ಓದಬಹುದು. ಆನ್ ಆಗದವುಗಳನ್ನು ದಾನದ ರಾಶಿಯಲ್ಲಿ ಸೇರಿಸದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸಬೇಕು.

ತೆರಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಜನ 80ಜಿ ಎಂದು ಕರೆಯುವ ವಿನಾಯಿತಿ ವಸ್ತುದಾನಕ್ಕೆ ಅನ್ವಯಿಸುವುದಿಲ್ಲ, ಹಣಕ್ಕೆ ಮಾತ್ರ. ಅದರಲ್ಲಿಯೂ 2,000 ರೂಪಾಯಿ ಮೀರಿದ ನಗದಿಗಿಲ್ಲ. ಕಂಪ್ಯೂಟರ್‌ಗಳ ಜೊತೆಗೆ ಎರಡು ವರ್ಷದ ಬ್ಯಾಟರಿ ಮತ್ತು ರಿಪೇರಿಗೆಂದು ಸಂಸ್ಥೆಯ ಹೆಸರಿಗೆ ಒಂದು ಚೆಕ್ ಬರೆದುಕೊಟ್ಟರೆ ಅದಕ್ಕೆ ರಸೀದಿಯೂ ಸಿಗುತ್ತದೆ, ನಮ್ಮ ಎಂಟು ಯಂತ್ರಗಳಿಗಾದ ಗತಿ ನಿಮ್ಮ ಹದಿನೈದಕ್ಕೆ ಆಗುವ ಸಂಭವವೂ ಕಡಿಮೆಯಾಗುತ್ತದೆ.