ಆಟಿಸಂ ಇರುವ ಮಗುವಿಗೆ ಸರ್ಫಿಂಗ್ ಮಾಡಿಸಬಹುದಾ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಆಟಿಸಂ ಇದೆ, ಮಾತು ಕಡಿಮೆ. ನೀರು ಕಂಡರೆ ಮಾತ್ರ ಎಲ್ಲಿಲ್ಲದ ಖುಷಿ. ಬಚ್ಚಲುಮನೆಗೆ ಹೋದರೆ ಈಚೆಗೆ ಬರುವುದೇ ಇಲ್ಲ. ಇಂಥ ಮಕ್ಕಳನ್ನು ಹಲಗೆ ಮೇಲೆ ನಿಲ್ಲಿಸಿಕೊಂಡು ಸಮುದ್ರದ ಅಲೆ ಮೇಲೆ ಕರೆದುಕೊಂಡು ಹೋಗುವ ವಿಡಿಯೋ ಒಂದನ್ನು ನನ್ನ ತಂಗಿ ಕಳಿಸಿದ್ದಳು. ಹಾಗೆ ಮಾಡಿಸಿದರೆ ಆಟಿಸಂ ವಾಸಿಯಾಗುತ್ತದಂತೆ. ನಿಜವಾ? ನಾವಿರುವುದು ಮದ್ದೂರಿನಲ್ಲಿ. ಸಮುದ್ರ ಎಲ್ಲಿಂದ ತರೋಣ?

ಉತ್ತರ: ವಾಸಿಯಾಗುವುದಿಲ್ಲ ತಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಒಂದು ಮಾತಿನ ಆಸೆ ತೋರಿಸಿಯೇ ಅಪ್ಪ ಅಮ್ಮಂದಿರ ಜೇಬಿಗೆ ಕೈ ಹಾಕುವವರು ಜಾಸ್ತಿ ಇದ್ದಾರೆ. ಆಟಿಸಂ ಇರುವ ಮಗುವಿನ ಮೆದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಯಾವ ಅಲೆಯೂ ಅದನ್ನು ಬದಲಿಸುವುದಿಲ್ಲ. ಆದರೆ ನಿಮ್ಮ ಮಗನಿಗೆ ಸರ್ಫಿಂಗ್ ತುಂಬಾ ಇಷ್ಟ ಆಗಬಹುದು. ಮಗುವಿಗೆ ಖುಷಿ ಕೊಡುತ್ತದೆ ಅನ್ನುವುದೇ ಸಾಕಾದ ಕಾರಣ ಅಂತ ನನಗನ್ನಿಸುತ್ತದೆ. ಬೇರೆ ಮಕ್ಕಳು ಕ್ರಿಕೆಟ್ ಆಡಿದರೆ ಅದರಿಂದ ಏನು ವಾಸಿಯಾಯಿತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಕ್ಯಾಲಿಫೋರ್ನಿಯಾದ ಸರ್ಫರ್ ಇಸ್ರೇಲ್ ಪಾಸ್ಕೊವಿಟ್ಜ್. ಅವರ ಮಗನಿಗೂ ಆಟಿಸಂ. ರಂಪ ಮಾಡುತ್ತಿದ್ದ ಹುಡುಗ ಅಪ್ಪನ ಜೊತೆ ಹಲಗೆ ಹತ್ತಿ ನೀರಿಗಿಳಿದರೆ ಸಮಾಧಾನವಾಗುತ್ತಿದ್ದ. ಅದನ್ನು ನೋಡಿ ಗಂಡ ಹೆಂಡತಿ ಇಬ್ಬರೂ 90ರ ದಶಕದಲ್ಲಿ ‘ಸರ್ಫರ್ಸ್ ಹೀಲಿಂಗ್’ ಅನ್ನುವ ಸಂಸ್ಥೆ ಶುರು ಮಾಡಿದರು. ಇಂಥ ಮಕ್ಕಳಿಗಾಗಿ ಅದು ಉಚಿತವಾಗಿ ಒಂದೊಂದು ದಿನದ ಶಿಬಿರ ನಡೆಸುತ್ತದೆ.

ವಿಡಿಯೋದಲ್ಲಿ ಮಗು ಸಲೀಸಾಗಿ ನಿಂತುಬಿಟ್ಟಂತೆ ಕಾಣುತ್ತದೆ. ಅದರ ಹಿಂದೆ ಇನ್ನೊಬ್ಬರ ಮೈಯ ಕೆಲಸ ಬಹಳ ಇರುತ್ತದೆ. ಹಲಗೆ ಉದ್ದಕ್ಕೆ, ಅಗಲಕ್ಕೆ ಇರುತ್ತದೆ, ಇಬ್ಬರನ್ನು ಹೊರುತ್ತದೆ. ಲೈಫ್ ಜಾಕೆಟ್ ಹಾಕಿದ ಮಗು ಮುಂದೆ ಹೊಟ್ಟೆಯಡಿಯಾಗಿ ಮಲಗುತ್ತದೆ ಇಲ್ಲವೇ ಕೂರುತ್ತದೆ. ಹಿಂದೆ ಮಲಗಿದ ಸರ್ಫರ್ ಎರಡೂ ಕೈಯಲ್ಲಿ ನೀರು ತಳ್ಳುತ್ತಾ ಒಳಗೆ ಸಾಗುತ್ತಾರೆ. ದಡದ ಹತ್ತಿರದ ನೊರೆ ಅಲೆಗಳು ಮುಖಕ್ಕೆ ಹೊಡೆಯುವಾಗ ಎಷ್ಟೋ ಮಕ್ಕಳು ಕಿರುಚುತ್ತಾರೆ. ಕೆಲವರು ಕೊಸರಾಡುತ್ತಾರೆ. ಅಲೆ ಒಡೆಯುವ ಜಾಗ ದಾಟಿದ ಮೇಲೆ ನೀರು ಬರೀ ಏರಿ ಇಳಿಯುತ್ತಿರುತ್ತದೆ, ಅಲ್ಲಿ ಬಹಳಷ್ಟು ಮಕ್ಕಳು ತಣ್ಣಗಾಗುತ್ತಾರೆ. ಆಮೇಲೆ ಹಲಗೆಯನ್ನು ದಡದ ಕಡೆ ತಿರುಗಿಸಿ ಕಾಯುತ್ತಾರೆ. ಅಲೆ ಬಂದು ಹಲಗೆಯನ್ನು ಎತ್ತಿದ ಕೂಡಲೇ ಸರ್ಫರ್ ಎದ್ದು ನಿಲ್ಲುತ್ತಾರೆ. ಮಗುವಿನ ಜಾಕೆಟ್ಟನ್ನು ಹಿಂದಿನಿಂದ ಹಿಡಿದು ಅದನ್ನೂ ಎತ್ತಿ ನಿಲ್ಲಿಸುತ್ತಾರೆ. ದಡ ಮುಟ್ಟಲು ಕೆಲವು ಸೆಕೆಂಡು ಸಾಕು. ಮತ್ತೆ ತಿರುಗಿಕೊಂಡು ಒಳಗೆ.

ಇದು ಯಾಕೆ ಹಿಡಿಸುತ್ತದೆ? ನೀರಿನಲ್ಲಿ ನಿಂತರೆ ಅದು ಮೈಯನ್ನು ಎಲ್ಲ ಕಡೆಯಿಂದಲೂ ಒತ್ತುತ್ತದೆ. ಕೆಲವು ಮಕ್ಕಳು ದಪ್ಪ ರಗ್ಗು ಬಿಗಿಯಾಗಿ ಸುತ್ತಿಕೊಂಡರೆ, ದಿಂಬುಗಳ ಮಧ್ಯೆ ತೂರಿಕೊಂಡರೆ ಸಮಾಧಾನ ಆಗುವುದನ್ನು ನೀವೂ ನೋಡಿರುತ್ತೀರಿ. ಆ ಒತ್ತಡವೇ ಇಲ್ಲೂ ಸಿಗುತ್ತದೆ. ಜೊತೆಗೆ ಹಲಗೆ ತೂಗುತ್ತದೆ. ಥೆರಪಿ ಸೆಂಟರುಗಳಲ್ಲಿ ಉಯ್ಯಾಲೆ ಕಟ್ಟಿರುವುದು ಸುಮ್ನೆ ಆಟಕ್ಕಲ್ಲ, ದೇಹದ ಸಮತೋಲನದ ಅರಿವಿಗೆ ಕೆಲಸ ಕೊಡುವುದಕ್ಕೆ. ಇನ್ನೊಂದು ವಿಷಯ ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುತ್ತದೆ: ಹಲಗೆ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ‘ಕಣ್ಣು ನೋಡಿ ಮಾತಾಡು’ ಅನ್ನುವುದಿಲ್ಲ. ಒಬ್ಬರೇ ಒಬ್ಬರು ಜೊತೆಗಿರುತ್ತಾರೆ, ಅವರ ಗಮನವೆಲ್ಲ ಇವನ ಮೇಲೆ. ಮುಂದೇನಾಗುತ್ತದೆ ಅಂತ ಎರಡನೇ ಸಲಕ್ಕೇ ಗೊತ್ತಾಗಿಬಿಡುತ್ತದೆ.

ಇದರ ಬಗ್ಗೆ ಅಧ್ಯಯನಗಳು ನಡೆದಿವೆ. ಹೆಚ್ಚಿನವು ಸಣ್ಣವು, ಬೆರಳೆಣಿಕೆಯ ಮಕ್ಕಳನ್ನು ನೋಡಿ ಮಾಡಿದವು. ಆ ದಿನಗಳಲ್ಲಿ ಮಕ್ಕಳು ಗೆಲುವಾಗಿದ್ದರು, ಈಜು ಸುಧಾರಿಸಿತು, ಜೊತೆಯವರೊಡನೆ ಬೆರೆತರು ಅನ್ನುವ ಫಲಿತಾಂಶಗಳಿವೆ. ಇದನ್ನು ನಂಬಿ ಸ್ಪೀಚ್ ಥೆರಪಿ ಬಿಡಿಸುವುದು ಬೇಡ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬರುತ್ತಿದ್ದರೆ ಅದು ಹಾಗೇ ನಡೆಯಲಿ.

ಈಗ ಸಮುದ್ರ ಬಿಟ್ಟು ಮದ್ದೂರಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ನೀರು ಕಂಡರೆ ಖುಷಿ’ ಅನ್ನುವ ಸಾಲು. ಆಟಿಸಂ ಇರುವ ಅನೇಕ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ. ಹಾಗೆ ಹೋದವರು ಹುಡುಕುವುದು ಹೆಚ್ಚಾಗಿ ನೀರನ್ನು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ ಮಕ್ಕಳು ಮುಳುಗಿ ಸಾಯುವ ಅಪಾಯ ಉಳಿದ ಮಕ್ಕಳಿಗಿಂತ ಸುಮಾರು 160 ಪಟ್ಟು ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದಬೇಕಿಲ್ಲ. ಆದರೆ ನಮ್ಮ ಕಡೆ ನೀರು ಎಲ್ಲಿಲ್ಲ ಹೇಳಿ? ವಿಶ್ವೇಶ್ವರಯ್ಯ ನಾಲೆ, ಅದರ ಕಿರುನಾಲೆಗಳು, ಶಿಂಷಾ, ಕೆರೆ, ಗದ್ದೆ ಪಕ್ಕದ ಬಾವಿ. ಅಮ್ಮಂದಿರು ನಾಲೆಗೇ ಹೆದರುತ್ತಾರೆ, ನನಗೆ ಕೃಷಿ ಹೊಂಡದ ಭಯ ಇನ್ನೂ ಜಾಸ್ತಿ. ಅದರ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಮೇಲೆ ಪಾಚಿ ಕಟ್ಟಿರುತ್ತದೆ. ಈಜು ಬರುವ ದೊಡ್ಡವರೇ ಹತ್ತಿ ಬರಲು ಒದ್ದಾಡುತ್ತಾರೆ. ಸಿಮೆಂಟ್ ಹಾಕಿದ ನಾಲೆಯ ಅಂಚೂ ಹಾಗೇ, ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹಾಗಾಗಿ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿ, ತೆರೆದರೆ ಸದ್ದಾಗುವ ಗಂಟೆ ಕಟ್ಟಿ. ನಿಮ್ಮ ಬೀದಿಯವರಿಗೆ, ಅಂಗಡಿಯವರಿಗೆ, ತೋಟದವರಿಗೆ ಹುಡುಗನ ಮುಖ ಪರಿಚಯ ಇರಲಿ. ಒಬ್ಬನೇ ಕಂಡರೆ ಹಿಡಿದು ಕೂರಿಸಿಕೊಂಡು ಫೋನ್ ಮಾಡಿ ಅಂತ ಹೇಳಿಡಿ. ಸಂಕೋಚ ಬೇಡ. ಎಂದಾದರೂ ಕಾಣಿಸದೆ ಹೋದರೆ ನೆಂಟರ ಮನೆಗೆ ಫೋನ್ ಮಾಡುತ್ತಾ ಕೂರಬೇಡಿ, ಮೊದಲು ಹತ್ತಿರದ ನೀರಿನ ಕಡೆ ಓಡಿ.

ಅವನಿಗೆ ಈಜು ಕಲಿಸಿ. ಸರ್ಫಿಂಗ್ ವಿಷಯ ಅದಾದ ಮೇಲೆ. ಹಿಂದೆ ಬಾವಿಯಲ್ಲಿ ಸೋರೆ ಬುರುಡೆ ಕಟ್ಟಿ ತಳ್ಳಿಬಿಡುತ್ತಿದ್ದರು. ಆ ಶೌರ್ಯ ಇವನ ಹತ್ತಿರ ಬೇಡ. ಕಾವೇರಿ ಹೊಳೆಯ ಬಲಮುರಿ, ಎಡಮುರಿ ಕಡೆಗಂತೂ ಬೇಡವೇ ಬೇಡ. ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ, ಮಂಡ್ಯದಲ್ಲೂ ಕೊಳ ಇದೆ. ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಕೇಳಿಕೊಳ್ಳಿ. ಮೊದಲ ದಿನ ದಡದಲ್ಲಿ ಕೂತು ಕಾಲು ಇಳಿಬಿಟ್ಟು ಬಂದರೂ ಸಾಕು. ಈಜುವ ಟೋಪಿ ಹಾಕಿಕೊಳ್ಳಲು ಒಪ್ಪದ ಮಕ್ಕಳು, ಶವರಿನ ಸದ್ದಿಗೆ ಕಿವಿ ಮುಚ್ಚುವ ಮಕ್ಕಳು ಬಹಳ. ಟೋಪಿಯನ್ನು ಮನೆಯಲ್ಲೇ ಬಕೆಟ್ ನೀರಿನ ಜೊತೆ ಅಭ್ಯಾಸ ಮಾಡಿಸಿ. ಬಟ್ಟೆ ಬದಲಿಸುವುದು, ಕೊಳ, ಟವೆಲ್, ತಿಂಡಿ, ಮನೆ: ಇವಿಷ್ಟರ ಫೋಟೋ ತೆಗೆದು ಸಾಲಾಗಿ ತೋರಿಸಿ.

ಕೊಳದ ಅಂಚಿನಲ್ಲಿ ಕೂರಬೇಕು, ನೀವು ಒಂದು ಎರಡು ಮೂರು ಅಂದ ಮೇಲೆ ಮಾತ್ರ ಇಳಿಯಬೇಕು. ಈ ನಿಯಮ ಒಂದು ದಿನವೂ ತಪ್ಪಬಾರದು. ಆಮೇಲೆ ಬೆನ್ನ ಮೇಲೆ ತೇಲುವುದು, ಗೋಡೆ ಹಿಡಿದು ಮೇಲೆ ಬರುವುದು. ಈಜುವ ಹಲಗೆ ಮೇಲೆ ಹೊಟ್ಟೆಯಡಿ ಮಲಗಿಸಿ ಮೆಲ್ಲಗೆ ಎಳೆದುಕೊಂಡು ಹೋಗಿ. ಸರ್ಫಿಂಗಿನ ಮುಕ್ಕಾಲು ಪಾಲು ಖುಷಿ ಅಲ್ಲೇ ಸಿಕ್ಕಿಬಿಡಬಹುದು. ಆಟಿಸಂ ಜೊತೆ ಫಿಟ್ಸ್ ಇರುವ ಮಕ್ಕಳೂ ಇದ್ದಾರೆ. ನಿಮ್ಮ ಮಗನಿಗೆ ಒಮ್ಮೆಯಾದರೂ ಬಂದಿದ್ದರೆ ಡಾಕ್ಟರನ್ನು ಕೇಳದೆ ನೀರಿಗಿಳಿಸಬೇಡಿ. ಗಾಳಿ ತುಂಬುವ ತೋಳಿನ ಟ್ಯೂಬನ್ನು ನೆಚ್ಚಿಕೊಳ್ಳಬೇಡಿ.

ಇಷ್ಟಾದ ಮೇಲೂ ಸಮುದ್ರದ ಆಸೆ ಇದ್ದರೆ ಮಂಗಳೂರು ಹತ್ತಿರದ ಮೂಲ್ಕಿಗೆ ಹೋಗಿ ಬನ್ನಿ. ಭಾರತದಲ್ಲಿ ಸರ್ಫಿಂಗ್ ಬೇರೂರಿದ ಊರುಗಳಲ್ಲಿ ಅದೂ ಒಂದು. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಹೊರಡುವ ಮೊದಲೇ ಕಲಿಸುವವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ: ಮಾತು ಕಡಿಮೆ, ಬೇಡ ಅಂದಾಗ ಹೀಗೆ ಮಾಡುತ್ತಾನೆ, ಇಂಥದ್ದು ಕಂಡರೆ ಹೆದರುತ್ತಾನೆ. ಇಂಥ ಮಗುವನ್ನು ಮೊದಲು ಕರೆದೊಯ್ದಿದ್ದೀರಾ? ನೀರಿನಲ್ಲಿ ಇವನ ಜೊತೆ ಎಷ್ಟು ಜನ ಇರುತ್ತೀರಿ? ಇವನ ಅಳತೆಯ ಲೈಫ್ ಜಾಕೆಟ್ ಇದೆಯಾ? ಇವಕ್ಕೆ ಉತ್ತರ ತಡವರಿಸಿದರೆ, ಅಥವಾ ‘ಏನಾಗಲ್ಲ ಮೇಡಂ, ಬನ್ನಿ’ ಅಂದುಬಿಟ್ಟರೆ ಬೇರೆಯವರನ್ನು ನೋಡಿ.

ದಾರಿಯ ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ಅದೇ ದಿನ ಅಲೆಗೆ ಒಡ್ಡಬೇಡಿ. ಮೊದಲ ಸಂಜೆ ಮರಳು, ಗಾಳಿ, ಅಲೆ ಸದ್ದು ಅಭ್ಯಾಸವಾಗಲಿ. ಅಂಟುವ ಮರಳೇ ಕೆಲವರಿಗೆ ದೊಡ್ಡ ಹಿಂಸೆ. ಬೆಳಿಗ್ಗೆ ಬೇಡ ಅಂದರೆ ಬೇಡ, ದುಡ್ಡು ಕಟ್ಟಿದ್ದೇವೆ ಅಂತ ಎಳೆದಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಆಗ ಯೋಚಿಸಲೇಬೇಡಿ. ಕಲಿಯುವವರಿಗೆ ಹಿತವಾದ ಸಣ್ಣ ಅಲೆ ಚಳಿಗಾಲದಲ್ಲಿ ಸಿಗುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಆ ಕಡೆ ಜನಜಂಗುಳಿ, ರೂಮಿನ ಬಾಡಿಗೆಯೂ ಏರಿರುತ್ತದೆ. ಜನವರಿಯಲ್ಲಿ ಸ್ಕೂಲಿಗೆ ವಾರದ ನಡುವೆ ಎರಡು ಮೂರು ದಿನ ರಜೆ ಹಾಕಿಸಿ ಹೋಗುವುದು ವಾಸಿ.