ಸೋವಿಯತ್ ಕಾರ್ಮಿಕರ ಬ್ಯಾಡ್ಜ್: ಅದು ಎನಾಮೆಲ್ಲೋ, ಬರೀ ಬಣ್ಣವೋ?

ಪ್ರಶ್ನೆ: ಹಳೆಯ ಸೋವಿಯತ್ ಬ್ಯಾಡ್ಜ್‌ಗಳನ್ನು ಸಂಗ್ರಹಿಸುವ ಆಸೆ. ಆದರೆ ಆನ್‌ಲೈನ್‌ನಲ್ಲಿ ಎಲ್ಲದಕ್ಕೂ ‘ಅಸಲಿ ಎನಾಮೆಲ್, ಅಪರೂಪದ ಪ್ರಶಸ್ತಿ’ ಅಂತ ಬರೆದಿರುತ್ತಾರೆ. ನಂಬಬಹುದಾ?

ಉತ್ತರ: ಸುಮ್ನೆ ನಂಬಬೇಡಿ. ಮೊದಲು ಹಿಂಭಾಗದ ಫೋಟೋ ಕೇಳಿ. ಕೊಡೋದಿಲ್ಲ ಅಂದರೆ ಆ ವ್ಯಾಪಾರ ಬೇಡ.

ಅಸಲಿ ಎನಾಮೆಲ್ ಅಂದರೆ ಗಾಜು. ಗಾಜಿನ ಪುಡಿಯನ್ನು ತಾಮ್ರ ಅಥವಾ ಹಿತ್ತಾಳೆಯಂಥ ಲೋಹದ ಮೇಲೆ ಹಾಕಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕರಗಿಸುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗಿಬಿಡುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ ಅನ್ನಿಸುವ ಅಲ್ಯೂಮಿನಿಯಂ ಬ್ಯಾಡ್ಜ್‌ನ ಕೆಂಪು ಹೆಚ್ಚಾಗಿ ಬರೀ ಬಣ್ಣ. ಸೋವಿಯತ್ ಕಾಲದ ಕೊನೆಯ ದಶಕಗಳ ಅಗ್ಗದ ಬ್ಯಾಡ್ಜ್‌ಗಳಲ್ಲಿ ಇಂಥವೇ ಜಾಸ್ತಿ. ಚಕ್ಕೆ ಎದ್ದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಎನಾಮೆಲ್ ಆದರೆ ಅಂಚು ಒಡೆದ ಗಾಜಿನ ಬಳೆಯ ಹಾಗೆ ಚೂಪಾಗಿರುತ್ತದೆ. ಬಣ್ಣವಾದರೆ ಸಿಪ್ಪೆಯಂತೆ ಏಳುತ್ತದೆ. ಸೂಜಿಯಲ್ಲಿ ಗೀರಿ ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ, ಬಣ್ಣವಾಗಿದ್ದರೆ ಗೀರು ಶಾಶ್ವತ.

ಬಣ್ಣ ಅಂದ ಮಾತ್ರಕ್ಕೆ ನಕಲಿ ಅಲ್ಲ, ಅಲ್ವಾ? ಕಾರ್ಖಾನೆಯಲ್ಲಿ ಕೊಟ್ಟದ್ದೇ ಹಾಗಿರಬಹುದು. ನನಗೆ ತಕರಾರು ಇರುವುದು ‘ಅಪರೂಪ’ ಅನ್ನುವ ಮಾತಿನ ಬಗ್ಗೆ. 1958ರಲ್ಲಿ ಶುರುವಾದ ಚಳವಳಿಯಲ್ಲಿ ‘ಕಮ್ಯುನಿಸ್ಟ್ ದುಡಿಮೆಯ ಉದಾರ್ನಿಕ್’ ಎಂಬ ಬಿರುದು ಸಿಕ್ಕಿದ್ದು ಲಕ್ಷಾಂತರ ಜನರಿಗೆ. ಉದಾರ್ನಿಕ್ ಅಂದರೆ ಗುರಿ ಮೀರಿ ದುಡಿದವರು. ಇಷ್ಟು ಜನರ ಎದೆಯ ಮೇಲಿದ್ದದ್ದು ಅಪರೂಪ ಹೇಗಾದೀತು? 1930ರ ದಶಕದ, ಹಿಂದೆ ತಿರುಪು ಮತ್ತು ನಟ್ಟು ಇರುವ ಬ್ಯಾಡ್ಜ್‌ಗಳು ನಿಜಕ್ಕೂ ಕಡಿಮೆ. ಬೆಲೆ ಜಾಸ್ತಿ ಇರುವುದರಿಂದ ನಕಲಿಗಳೂ ಅಲ್ಲೇ ಜಾಸ್ತಿ.

ಹಿಂಭಾಗದಲ್ಲಿ ‘25 ಕೊಪೆಕ್’ (ಕೊಪೆಕ್ ಅಂದರೆ ಅಲ್ಲಿನ ಪೈಸೆ) ಅಂತ ಬೆಲೆ ಅಚ್ಚಾಗಿದ್ದರೆ ಅದು ಅಂಗಡಿಯಲ್ಲಿ ಮಾರಿದ ಬ್ಯಾಡ್ಜ್. ದುಡಿಮೆಗೆ ಕೊಟ್ಟ ಪ್ರಶಸ್ತಿಗೆ ಬೆಲೆ ಬರೆಯುತ್ತಾರಾ? ಪ್ರಶಸ್ತಿಯ ಜೊತೆ ಹೆಚ್ಚಾಗಿ ಒಂದು ಪುಟ್ಟ ಪುಸ್ತಕದಂಥ ಪ್ರಮಾಣಪತ್ರ ಕೊಡುತ್ತಿದ್ದರು. ಅದರಲ್ಲಿ ಕಾರ್ಮಿಕರ ಹೆಸರು, ಮೊಹರು, ಸಹಿ ಇರುತ್ತದೆ. ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಯಾರು, ಯಾವ ಕಾರ್ಖಾನೆ ಅನ್ನುವುದು ಬ್ಯಾಡ್ಜ್‌ನಿಂದ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. 1928ರಲ್ಲಿ ಶುರುವಾದ ‘ದುಡಿಮೆಯ ಕೆಂಪು ಬಾವುಟ’ದಂಥ ಪದಕಗಳು ಸರ್ಕಾರದ ಗೌರವಗಳು. ಬೆಳ್ಳಿಯವು, ಹಿಂದೆ ಕ್ರಮಸಂಖ್ಯೆ ಇರುತ್ತದೆ. ಇಂಥ ಸೋವಿಯತ್ ಪದಕಗಳನ್ನು ಕೊಳ್ಳುವುದು, ಮಾರುವುದು ರಷ್ಯಾದಲ್ಲಿ ಅಪರಾಧ, ಅಲ್ಲಿನ ಕ್ರಿಮಿನಲ್ ಸಂಹಿತೆಯ 324ನೇ ಕಲಮು. ಅಲ್ಲಿಂದ ತರಿಸುವ ಯೋಚನೆಯೇ ಬೇಡ.

ಹೊಸಬರು ‘ಸಮಾಜವಾದಿ ಸ್ಪರ್ಧೆಯ ವಿಜೇತ’ (ದುಡಿಮೆಯಲ್ಲಿ ಕಾರ್ಮಿಕರ ನಡುವಿನ ಪೈಪೋಟಿಯಲ್ಲಿ ಗೆದ್ದವರು) ಬ್ಯಾಡ್ಜ್‌ಗಳಿಂದ ಶುರು ಮಾಡುವುದು ಒಳ್ಳೆಯದು. 1973ರಿಂದ 1980ರವರೆಗೆ ವರ್ಷಕ್ಕೊಂದು, ಇಸವಿ ಮುಂದೆಯೇ ಇರುತ್ತದೆ. ಅಗ್ಗ, ಸುಲಭವಾಗಿ ಸಿಗುತ್ತವೆ. ಎಂಟು ಸೇರಿಸಿದರೆ ಒಂದು ಸಾಲು ಪೂರ್ತಿ.